ಕದ್ದ ಡೇರೆ

ಕರೆಂಟ್ ಮೀಟರ್ ಓದಲು ಬಿಳಗಿ ಕಡೆ ಹೋದಾಗ ಒಂದು ಮನೆಯ ಜಗಲಿಯಲ್ಲಿ ಬುಟ್ಟಿಗಳ ತುಂಬ ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ ಕಂಡವು. ಮೊದಲ ಮಳೆ ಬಿದ್ದಿತ್ತು, ನೆಡುವ ಹೊತ್ತು. ಹೋದ ವರ್ಷ ಇದೇ ಅಂಗಳದಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಕಡುಗೆಂಪು ಹೂ ನೋಡಿದ್ದೆ. ಅವತ್ತಿನಿಂದ ಆಸೆ.

"ಅಕ್ಕಾರ, ಒಂದ್ ಗಡ್ಡಿ ಕೊಡ್ರಿ" ಅಂದೆ, ನಮ್ಮ ದಾಸನಕೊಪ್ಪದ ಮಾತಿನಲ್ಲಿ.

ಮನೆಯೊಡತಿ ಹೌಹಾರಿದರು. "ಅಯ್ಯೋ ತಮಾ, ಕೇಳೇಬಿಟ್ಯಲ್ಲ! ಕೇಳಿ ತಗೊಂಡ ಗಡ್ಡೆ ಚಿಗುರೂದಿಲ್ಲ. ಕದ್ದಿದ್ದೇ ಚಲೋ ಬರೂದು."

ನಾನು ಪೆಚ್ಚಾದೆ. ಬಿಲ್ ಕೊಡಲು ಬಂದವನು ಕದಿಯುವುದು ಹೇಗೆ?

ಅವರು ಬೆನ್ನು ತಿರುಗಿಸಿ, ತಮ್ಮ ಮನೆಮಾತು ಹವ್ಯಕದಲ್ಲಿ ಗೋಡೆಗೆ ಹೇಳಿದರು: "ಆನು ಒಳಗೆ ಚಾ ಮಾಡ್ತೆ. ಕೆಂಪಿಂದು ಎಡಗಡೆ ಬುಟ್ಟೀಲಿ ಇದ್ದು."

ಕದ್ದೆ. ಚೀಲಕ್ಕೆ ಹಾಕಿಕೊಂಡು, ಚಾ ಕುಡಿದು, ಏನೂ ಅರಿಯದವನಂತೆ ಹೊರಟೆ.

ಚೌತಿ ಹಬ್ಬದ ಹೊತ್ತಿಗೆ ನಮ್ಮ ಅಂಗಳದಲ್ಲಿ ಅದೇ ಹೂ ಅರಳಿತು, ಅವರದಕ್ಕಿಂತ ಒಂದು ಕೈ ಮೇಲೆ! ಇಡೀ ಓಣಿ ನೋಡಲು ಬಂತು. ಮುಂದಿನ ಸಲ ಬಿಲ್ ಕೊಡುವಾಗ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅವರು ಕಣ್ಣರಳಿಸಿ ನೋಡಿ, ಗಂಭೀರವಾಗಿ ಕೇಳಿದರು:

"ಭಾರೀ ಚಂದ ಇದೆ ತಮಾ. ಯಾರ ಮನೇಲಿ ಕದ್ದೆ?"

"ಯಾರ ಮನೀನೋ ಅಕ್ಕಾರ, ನೆನಪಿಲ್ಲ" ಅಂದೆ. "ಚಾ ಮಾತ್ರ ಬಹಳ ಚಲೋ ಇತ್ರಿ."