ಕ್ಯಾಸಲ್‌ನಾಕ್ ಮೈದಾನದಲ್ಲಿ ಎಡಕ್ಕೆ, ಬಲಕ್ಕೆ

“ಎಡಕ್ಕೆ! ಎಡಕ್ಕೆ ಬನ್ರೇ!” ಎಂದು ನನ್ನ ಮೊಮ್ಮಗಳು ಅನನ್ಯಾ ಐರ್ಲೆಂಡಿನ ಈ ಕ್ಯಾಸಲ್‌ನಾಕ್ ಮೈದಾನದಲ್ಲಿ ಕೂಗಿದ್ದೇ ತಡ, ಅವಳ ತಂಡದ ಐರಿಶ್ ಹುಡುಗಿಯರೆಲ್ಲ ಎಡಕ್ಕೇ ಓಡಿದರು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

ಅದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಎಸೆಯುವ ಆಟ. ಎಸೆಯುವವಳಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಮಹಾ ಚುರುಕು. ನಮ್ಮವರ ಇಂಗ್ಲಿಷ್ ಕೂಗು ಕೇಳಿಸಿಕೊಂಡು, ಯಾರೂ ಕಾಯದ ಕಡೆಗೇ ಚೆಂಡೆಸೆದು ಹಿಂದೆಲ್ಲ ಸೋಲಿಸಿದ್ದಳು. ಈ ಸಲವೂ ಸೋತರೆ ಫೈನಲ್ ಇಲ್ಲ.

ಹಿಂದಿನ ಸಂಜೆ ಮನೆಯಲ್ಲಿ ಇದೇ ವಾದ.

“ಇಬ್ರು ಒಟ್ಟಿಗೇ ಅವಳ ಮೇಲೆ ನುಗ್ಲಿ” ಎಂದರು ಅಳಿಯಂದಿರು.

“ಹಿಂದೆ ಯಾರ್ರೀ ಕಾಯೋದು, ನೀವಾ?” ಎಂದಳು ಮಗಳು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅನನ್ಯಾ, ತಿನ್ನುತ್ತಿದ್ದ ದೋಸೆ ಬಿಟ್ಟು ನನ್ನ ಕಡೆ ತಿರುಗಿದಳು. “ಅಜ್ಜಿ, ಲೆಫ್ಟ್‌ಗೆ ಕನ್ನಡದಲ್ಲಿ ಏನು? ಅವಳಿಗೆ ಅರ್ಥ ಆಗ್ಬಾರ್ದು.”

ಎಡಕ್ಕೆ, ಬಲಕ್ಕೆ ಎರಡನ್ನೂ ಹೇಳಿಕೊಟ್ಟೆ. ಆಗಲೇ ಫೋನು ಹಿಡಿದು ಗೆಳತಿಯರಿಗೆಲ್ಲ ಬಾಯಿಪಾಠ ಮಾಡಿಸಿದಳು.

ಮರುದಿನ ಆ ಕ್ವಾರ್ಟರ್‌ಬ್ಯಾಕ್ ನಮ್ಮವರ ಕೂಗು ಅರ್ಥವಾಗದೆ, ಚೆಂಡೆತ್ತಿ ಎತ್ತ ಎಸೆಯಲಿ ಎಂದು ಯೋಚಿಸುತ್ತಾ ನಿಂತಾಗಲೆಲ್ಲ, ನಮ್ಮವರು ಅವಳ ಸೊಂಟಕ್ಕೆ ಇಳಿಬಿಟ್ಟ ಬಟ್ಟೆಯ ಪಟ್ಟಿ ಕಿತ್ತರು. ಪಟ್ಟಿ ಕಿತ್ತರೆ ಚೆಂಡು ಎಸೆಯುವಂತಿಲ್ಲ. ಗೆದ್ದೇ ಗೆದ್ದರು!

ನಾನು ಹೆಚ್ಚು ಓದಿದವಳಲ್ಲ. ಈ ದೇಶದಲ್ಲಿ ನನ್ನ ಮಾತು ಅಡುಗೆಮನೆ ದಾಟದು ಅಂದುಕೊಂಡಿದ್ದೆ. ಈಗ ಫೈನಲ್‌ಗೆ ಇನ್ನಷ್ಟು ಕನ್ನಡ ಮಾತು ಬೇಕಂತೆ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಮೊಮ್ಮಗಳು ಕೇಳುತ್ತಾಳೆ, ನಾನು ಹೇಳಿಕೊಡುತ್ತೇನೆ. ಎಂಥ ಕ್ವಾರ್ಟರ್‌ಬ್ಯಾಕ್ ಎದುರು ಬಂದರೂ ನಾವು ಬಿಡುವುದಿಲ್ಲ.