ಮಂಗಳೂರಿಗೆ ದಾರಿ ಬರೆಯುತ್ತಿದ್ದವರು

ಮಂಡಿನೋವು ಬರೀ ನೆಪ. ನಮ್ಮ ಅಪಾರ್ಟ್‌ಮೆಂಟಿನ ಆ ಮಂಗಳೂರಿನ ಹೆಂಗಸು ಹತ್ತು ವರ್ಷ ಊರಿಗೆ ಹೋಗದೆ ಇದ್ದದ್ದು, ಅಲ್ಲಿ ಇಳಿದುಕೊಳ್ಳಲು ಮನೆಯಿಲ್ಲವೆಂದು.

ಅಮೆರಿಕದ ಸನ್ನಿವೇಲಿನಲ್ಲಿ ನಮ್ಮ ಕಟ್ಟಡದ ಮುಂದಿನ ಬೆಂಚಿನಲ್ಲಿ ಕುಳಿತು, ಮಂಗಳೂರಿಗೆ ಹೊರಟವರಿಗೆಲ್ಲ ಅವರು ತಮ್ಮ ತೊಡೆಯ ಮೇಲೆ ಬೆರಳಿನಿಂದ ದಾರಿ ಬರೆದು ತೋರಿಸುತ್ತಿದ್ದರು. ಬೆಳಿಗ್ಗೆ ದಕ್ಕೆಯಲ್ಲಿ ಮೀನಿನ ಬೋಟುಗಳು ಬರುವುದನ್ನು ನೋಡಬೇಕು, ದೋಣಿಯಲ್ಲಿ ಹೊಳೆಯಾಚೆಯ ಬೆಂಗ್ರೆಗೆ ದಾಟಬೇಕು, ಸಂಜೆ ಪಣಂಬೂರಿನ ಕಡಲು, ಆಮೇಲೆ ಗಡ್‌ಬಡ್ ಐಸ್‌ಕ್ರೀಮು. ಕೊನೆಗೆ ಅದೇ ಮಾತು: "ನಾನು ಕಳಿಸಿದ್ದು ಅಂತ ಹೇಳಿ, ಆಯ್ತಾ?" ನೀವೂ ಹೋಗಿಬನ್ನಿ ಎಂದರೆ ಮಂಡಿ ಉಜ್ಜಿಕೊಳ್ಳುತ್ತಿದ್ದರು.

ನಾನು ಮೈಸೂರಿನವಳು. ತಂಗಿಯನ್ನು ಮಂಗಳೂರಿಗೆ ಕೊಟ್ಟಿದೆ. ಅವಳ ಮೊಮ್ಮಗಳ ಮದುವೆಗೆ ಹೊರಟಾಗ ನನಗೂ ದಾರಿ ಬರೆಯತೊಡಗಿದರು.

"ಯಾರಿಗ್ರೀ ಹೇಳೋದು, ನೀವು ಕಳಿಸಿದ್ದು ಅಂತ?" ಎಂದೆ.

"ಯಾರಿಗೆ ಅಂದ್ರೆ... ಅಣ್ಣ ತೀರಿಕೊಂಡ, ಮನೆ ಮಾರಿ ಆಯ್ತು. ಈಗ ಯಾರೂ ಇಲ್ಲ ಮಾರಾಯ್ರೆ."

"ಹಾಗಾದ್ರೆ ನೀವೇ ಹೋಗಿ, ಲಾಡ್ಜಲ್ಲಿರಿ."

"ಹುಟ್ಟಿದ ಊರಲ್ಲಿ ಲಾಡ್ಜಾ? ನೋಡಿದವರು ಎಂತ ಹೇಳಿಯಾರು?"

"ನೋಡೋಕೆ ಯಾರೂ ಇಲ್ಲ ಅಂದ್ರಲ್ಲ."

ಅವರ ಬೆರಳು ಬೆಂಗ್ರೆಯ ಹತ್ತಿರವೇ ನಿಂತಿತು. ಎದ್ದರು. ಕಂಬಿಯನ್ನೂ ಹಿಡಿಯದೆ ಮೂರು ಮಹಡಿ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ತಂಗಿಗೆ ಫೋನು ಮಾಡಿ, "ನನ್ನ ಜೊತೆ ಇನ್ನೊಬ್ರು ಬರ್ತಾರೆ ಕಣೇ, ಎರಡು ಹಾಸಿಗೆ ಹಾಕು" ಎಂದೆ. ಅವರನ್ನು ಇನ್ನೂ ಕೇಳಿರಲಿಲ್ಲ.