ಹಾರ್ನಕ್ಕ ಮತ್ತು ಯಜಮಾನನ ಫೋನು

ಕರೆಂಟಿನ ಕಾರು ಸದ್ದು ಮಾಡುವುದಿಲ್ಲ. ಆ ಕೊರತೆಯನ್ನು ಅದರ ಡ್ರೈವರಮ್ಮ ತುಂಬಿಕೊಡುತ್ತಿದ್ದಳು. ಅಡ್ಡ ಬಂದ ಸ್ಕೂಟರಿನವನಿಗೆ, ಆಸ್ಪತ್ರೆಯ ಬಾಗಿಲಿಗೇ ಗಾಡಿ ನಿಲ್ಲಿಸಿ ಟೀ ಕುಡಿಯಲು ಹೋದವನಿಗೆ, ಕಾಯಿಲೆಯ ತಾಯಿಯ ಕೈ ಹಿಡಿಯದೆ ಮೊಬೈಲು ನೋಡುತ್ತ ನಿಂತ ಮಗನಿಗೆ, ಎಲ್ಲರಿಗೂ ಬೈಗುಳ ಭೇದವಿಲ್ಲದೆ ಸಿಗುತ್ತಿತ್ತು. ಚಾರ್ಜಿಂಗ್ ಯಾರ್ಡಿನ ಡ್ರೈವರುಗಳು ಅವಳಿಗೆ ಹಾರ್ನಕ್ಕ ಎಂದು ಹೆಸರಿಟ್ಟರು. ಹೆಸರಿಟ್ಟಿದ್ದಕ್ಕೂ ಒಂದು ಸಲ ಬೈದು, ಆಮೇಲೆ ಅದನ್ನೇ ಇಟ್ಟುಕೊಂಡಳು.

ಕೋಪ ಮೂಗಿನ ತುದಿಯಲ್ಲಿತ್ತು, ನಿಜ. ಆದರೆ ಅದೇನು ಪುಕ್ಕಟೆ ಬಂದದ್ದಲ್ಲ. ಲಾರಿ ಓಡಿಸುತ್ತಿದ್ದ ಅಪ್ಪ ಗಂಡುಮಕ್ಕಳನ್ನು ಸ್ಟಿಯರಿಂಗಿನ ಮುಂದೆ ಕೂರಿಸಿಕೊಂಡ, ಇವಳ ಕೈಗೆ ಗಾಜು ಒರೆಸುವ ಬಟ್ಟೆ ಕೊಟ್ಟ. ಮದುವೆಯಾದ ಮೇಲೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತ ವರ್ಷಗಟ್ಟಲೆ ಹಬೆ ಕುಡಿದಳು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಅವನ ಸೊಂಟ ಕೈಕೊಟ್ಟು ಡೀಸೆಲ್ ಟ್ಯಾಕ್ಸಿ ಬೇರೆಯವರ ಪಾಲಾದ ಮೇಲೆ, ಮನೆಯಲ್ಲಿ ಯಾರಾದರೂ ಒಬ್ಬರು ಸ್ಟಿಯರಿಂಗ್ ಹಿಡಿಯಬೇಕಲ್ಲ ಎಂದು ಇವಳೇ ಡ್ರೈವಿಂಗ್ ಶಾಲೆಗೆ ಸೇರಿದಳು. ಅಲ್ಲಿನ ಮೇಷ್ಟ್ರು, "ಈ ವಯಸ್ಸಲ್ಲಿ ಯಾಕಮ್ಮ ನಿಮಗಿದು" ಅಂದಾಗ, "ನಿಮ್ಮ ವಯಸ್ಸಲ್ಲಿ ನಿಮಗ್ಯಾಕೆ" ಅಂದಳಂತೆ. ಅವರು ಇವಳಿಗಿಂತ ಹತ್ತು ವರ್ಷ ದೊಡ್ಡವರು.

ಕೊನೆಗೆ ಸಿಕ್ಕಿದ್ದು ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ತಲುಪಿಸುವ ಕಂಪನಿಯ ಕೆಲಸ. ಆ ಕೆಲಸವನ್ನು ಅವಳು ಹಾಲು ಕಾಯಿಸುವಂತೆ ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದಳು. ಸೂಜಿ ಚುಚ್ಚಿದ ಕೈ ಬಾಗಿಲಿಗೆ ತಾಗದಂತೆ ಯಾರನ್ನು ಯಾವ ಕಡೆ ಕೂರಿಸಬೇಕು, ವಾಪಸು ಬರುವಾಗ ಯಾರಿಗೆ ಹೊಟ್ಟೆ ತೊಳೆಸುತ್ತದೆ, ಯಾರು ಅಳು ಬಂದರೆ ಕಿಟಕಿಯ ಕಡೆ ತಿರುಗುತ್ತಾರೆ, ಎಲ್ಲವೂ ಗೊತ್ತಿತ್ತು. ರೋಗಿಗಳಿಗೆ ಮಾತ್ರ ಅವಳು ಯಾವತ್ತೂ ಬೈದವಳಲ್ಲ. ಸ್ಟಿಯರಿಂಗಿನ ಮುಂದಿನ ಆ ಸೀಟು ಅವಳದು. ಹುಟ್ಟಿದಾಗಿನಿಂದ ತನ್ನದು ಎನ್ನುವಂಥದ್ದು ಅವಳಿಗೆ ಸಿಕ್ಕಿದ್ದು ಅದೊಂದೇ.

ಕಂಪನಿ ಕಾರು ಕೊಟ್ಟ ದಿನ ಗಂಡ ಎದ್ದುಬಿದ್ದು ಬಂದ. ಕಾರಿನ ನಡುವೆ ಟೀವಿಯಷ್ಟಗಲದ ಪರದೆ. ವೈರು ಗೈರು ಏನೂ ಬೇಡ, ಜೇಬಿನಲ್ಲಿರುವ ಫೋನೇ ಗಾಳಿಯಲ್ಲಿ ಅದಕ್ಕೆ ಜೋಡಣೆಯಾಗಿ, ದಾರಿ, ಹಾಡು, ಕರೆ ಎಲ್ಲ ಅಲ್ಲೇ ಮೂಡುತ್ತವೆ. "ನಿನಗೆ ಗೊತ್ತಾಗಲ್ಲ, ಮೊದಲು ನಂದು ಹಾಕಿ ನೋಡ್ತೀನಿ" ಎಂದು ಅವನು ತನ್ನ ಫೋನನ್ನು ಜೋಡಿಸಿದ. ಪರದೆ ಹೆಸರು ಕೇಳಿತು. 'ಯಜಮಾನ' ಎಂದು ಕೊಟ್ಟ. ಮೊದಲು ಯಾವ ಫೋನನ್ನು ಹುಡುಕಲಿ ಎಂದು ಕೇಳಿತು. ಅದಕ್ಕೂ ತನ್ನದನ್ನೇ ಒತ್ತಿದ. ಆಮೇಲೆ, ಉಳಿದ ಜಾಗದಲ್ಲಿ, ಹೆಂಡತಿಯದು.

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಗೋಳು. ಮನೆಯ ಮುಂದಿನ ಕೋಣೆಯ ಕಿಟಕಿಯ ಕೆಳಗೇ ಕಾರು ನಿಲ್ಲುತ್ತಿತ್ತು. ಇವಳು ಗುಂಡಿ ಒತ್ತಿದ್ದೇ ತಡ, ಕಾರು ಗೋಡೆಯಾಚೆಗಿನ ಅವನ ಫೋನನ್ನೇ ಹಿಡಿಯುತ್ತಿತ್ತು. ಪರದೆಯ ಮೇಲೆ ಅವನ ಹಾಡು, ಅವನ ಕ್ರಿಕೆಟ್ಟು. ರೋಗಿಗಳ ವಿಳಾಸ ಇವಳ ಫೋನಿನಲ್ಲಿ. ಬೀದಿಯ ತಿರುವು ದಾಟಿ ಅವನ ಫೋನು ಕಳಚಿಕೊಳ್ಳುವ ತನಕ ಅದು ಕಾಣುತ್ತಿರಲಿಲ್ಲ.

"ರೀ, ನಿಮ್ಮದನ್ನ ತೆಗೀರಿ ಅದರಿಂದ" ಎಂದರೆ, "ಇರ್ಲಿ ಬಿಡೇ, ತಿರುವಿನ ತನಕ ತಾನೆ. ಮನೆ ಯಜಮಾನಂದು ಮೊದಲು ಬಂದ್ರೆ ತಪ್ಪೇನು" ಎಂದು ನಗುತ್ತಿದ್ದ. ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದುಕೊಂಡೇ ತಿರುವು ದಾಟುತ್ತಿದ್ದಳು.

ಹೀಗಿರುವಾಗ ಆಫೀಸಿನ ಮೇಡಂ ವಿಚಿತ್ರವಾಗಿ ಆಡತೊಡಗಿದರು. ದಿನಾ ಬೆಳಿಗ್ಗೆ ಕರೆ ಮಾಡಿ ರೋಗಿಗಳ ಸರದಿ ಹೇಳುವವರು, ಈಗೀಗ ಕೊನೆಗೆ "ಆರೋಗ್ಯ ಹೇಗಿದೆಯಮ್ಮ? ನಿದ್ದೆ ಬರುತ್ತಾ?" ಎಂದು ಎಳೆಯುತ್ತಿದ್ದರು. ಒಳ್ಳೆಯವರು ಪಾಪ, ವಿಚಾರಿಸುತ್ತಾರೆ ಎಂದುಕೊಂಡಳು. ಕೋಪಿಷ್ಠರ ಕಷ್ಟವೇ ಇದು, ಯಾರಾದರೂ ಮೆತ್ತಗೆ ಮಾತಾಡಿದರೆ ಅನುಮಾನವೇ ಬರುವುದಿಲ್ಲ.

ಒಂದು ಬೆಳಿಗ್ಗೆ, ರೋಗಿಗಳಲ್ಲಿ ಒಬ್ಬರಾದ ಟೈಲರ್ ತಾತನ ಸರದಿ ಮುಂಚೆಗೆ ಬಂದಿತ್ತು. ಅವಳು ಬೇಗ ಹೊರಬಿದ್ದು, ಕಾರಿನಲ್ಲಿ ಕೂತು ಗುಂಡಿ ಒತ್ತಿ, ಗಾಜಿನ ಮಂಜು ಒರೆಸುತ್ತಿದ್ದಳು. ಹಳೆಯ ಡೀಸೆಲ್ ಗಾಡಿಯಾಗಿದ್ದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಇದು ತುಟಿಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ 'ಆಫೀಸ್ ಮೇಡಂ' ಎಂದು ಕರೆ ಬಂತು. ದಿನಾ ಬರುವ ಕರೆಯೇ. ಅಭ್ಯಾಸದಂತೆ ಹಸಿರು ಒತ್ತಿದಳು.

"ಹಲೋ ಸರ್" ಎಂದಿತು ಕಾರಿನ ಸ್ಪೀಕರು. "ನೀವು ಹೇಳಿದ್ದನ್ನ ಮೇಲಿನವರ ಹತ್ರ ಮಾತಾಡಿದೀನಿ. ಓಡಿಸ್ತಾ ಓಡಿಸ್ತಾ ತಲೆಸುತ್ತು ಬರುತ್ತೆ ಅಂದ್ಮೇಲೆ ಪೇಷಂಟ್‌ಗಳನ್ನ ಅವರ ಕೈಗೆ ಕೊಡೋಕಾಗಲ್ಲ."

ಯಾರಪ್ಪ ಆ ಪಾಪದ ಡ್ರೈವರು ಎಂದು ಅವಳಿಗೆ ಮರುಕವೇ ಆಯಿತು. ಮೇಡಂ ಮುಂದುವರಿಸಿದರು.

"ನೀವು ಕೇಳಿದ ಹಾಗೆ ನಾಳೆಯಿಂದ ಗಾಡಿ ಓಡಿಸೋಕೆ ನಿಮ್ಮ ತಮ್ಮನ್ನೇ ಕಳಿಸಿ. ಹೇಳಿದ್ದು ನೀವು ಅಂತ ನಿಮ್ಮ ಮನೆಯವರಿಗೆ ಗೊತ್ತಾಗಲ್ಲ, ಯೋಚನೆ ಮಾಡ್ಬೇಡಿ."

ಪರದೆಯ ಮೂಲೆಯಲ್ಲಿ 'ಯಜಮಾನ' ಎಂದಿತ್ತು. ಕರೆ ಬಂದದ್ದು ಅವನ ಫೋನಿಗೆ. ಮೇಡಂ ನಂಬರನ್ನು ಅವನಿಗೆ ಕೊಟ್ಟವಳೂ ಇವಳೇ, ತುರ್ತಿಗೆ ಇರಲಿ ಎಂದು. ತಲೆಯೆತ್ತಿ ನೋಡಿದರೆ ಕಿಟಕಿಯಲ್ಲಿ ಗಂಡ, ಕಿವಿಗೆ ಫೋನು ಒತ್ತಿಕೊಂಡು, "ಹಲೋ, ಹಲೋ" ಎನ್ನುತ್ತಿದ್ದ. ಮಾತೆಲ್ಲ ಕಾರಿಗೆ ಬಂದಿದ್ದರಿಂದ ಅವನಿಗೆ ಏನೂ ಕೇಳುತ್ತಿರಲಿಲ್ಲ. ಫೋನನ್ನು ಕೊಡವಿ ಮತ್ತೆ ಕಿವಿಗಿಟ್ಟ.

ಹಾರ್ನಕ್ಕನ ದನಿ ಏರಲಿಲ್ಲ. "ಮೇಡಂ, ಸರ್ ಅಲ್ಲ. ತಲೆಸುತ್ತು ಬಂದವಳೇ ಮಾತಾಡ್ತಿರೋದು. ಒಂದು ನಿಮಿಷ ಇರಿ, ಇಡಬೇಡಿ."

ಗಾಜು ಇಳಿಸಿದಳು. "ರೀ, ನಿಮ್ಮ ಫೋನಿನ ಮಾತು ಇಲ್ಲಿದೆ. ಬಂದು ಮಾತಾಡಿ."

ಅವನು ಚಪ್ಪಲಿಯೂ ಇಲ್ಲದೆ ಬಂದು ಪಕ್ಕದ ಸೀಟಿನಲ್ಲಿ ಕೂತ.

"ಸರ್, ನಿಜ ಹೇಳಿ" ಎಂದರು ಮೇಡಂ. "ತಲೆಸುತ್ತು ಇದೆಯೋ ಇಲ್ವೋ?"

"ಇಲ್ಲ ಮೇಡಂ."

"ಮತ್ಯಾಕೆ ಹೇಳಿದ್ರಿ?"

ಅವನು ಪರದೆಯ ಮೂಲೆಯ ತನ್ನ ಹೆಸರನ್ನೇ ನೋಡುತ್ತ ಹೇಳಿದ. "ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದ್ರೆ ಎಲ್ರೂ ಕೇಳ್ತಾರೆ, ನಿನ್ನ ಹೆಂಡ್ತಿ ಗಾಡಿ ಹೇಗೆ ಓಡ್ತಿದೆ ಅಂತ. ಜೀವನ ಪೂರ್ತಿ ಓಡಿಸಿದವನು ನಾನು. ತಮ್ಮ ಓಡಿಸಿದ್ರೆ ಯಾರೂ ಕೇಳಲ್ಲ."

"ಆ ಮಾತನ್ನ ನನ್ನ ಹತ್ರ ಆಡೋಕೆ ನಿಮಗೆ ಬಾಯಿ ಬರ್ಲಿಲ್ಲ" ಎಂದಳು ಅವಳು. "ನನ್ನ ತಲೆ ಸರಿಯಿಲ್ಲ ಅಂತ ಊರವರಿಗೆ ಹೇಳೋಕೆ ಬಂತು."

ಇಷ್ಟಕ್ಕೇ ಮುಗಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ನಿಮ್ಮ ಮೇಲೆ ನಂಬಿಕೆ ಇದೆಯಮ್ಮ, ಆದ್ರೆ ಒಂದ್ಸಲ ಮೇಲಿನವರ ಕಿವಿಗೆ ಬಿದ್ದಿದೆ" ಎಂದರು ಮೇಡಂ. "ತಾತನ್ನ ಬಿಡೋಕೆ ಹೋಗ್ತೀರಲ್ಲ, ಅಲ್ಲೇ ಡಾಕ್ಟ್ರ ಹತ್ರ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತನ್ನಿ. ಅದಿಲ್ಲದೆ ನಾಳೆ ಗಾಡಿ ಕೊಡೋಕಾಗಲ್ಲ."

ಸುಳ್ಳು ಅವನದು, ಪರೀಕ್ಷೆ ಇವಳಿಗೆ. ಇಂಥ ನ್ಯಾಯ ಕಂಡಲ್ಲಿ ಕೋಪ ಬರದವರಿಗೆ ಏನೋ ಕಾಯಿಲೆ ಇರಬೇಕು.

ಆಸ್ಪತ್ರೆಯ ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು, ಗೆರೆಯ ಮೇಲೆ ನಡೆಸಿದರು. ಎಲ್ಲ ಸರಿ. ತೋಳಿಗೆ ಪಟ್ಟಿ ಕಟ್ಟಿದರು, ಹುಬ್ಬು ಗಂಟಿಕ್ಕಿದರು.

"ಬಿ.ಪಿ. ತುಂಬಾ ಜಾಸ್ತಿ ಇದೆಯಲ್ಲಮ್ಮ."

"ಇವತ್ತು ಜಾಸ್ತಿ ಇಲ್ದಿದ್ರೆ ನಾನು ಮನುಷ್ಯಳೇ ಅಲ್ಲ ಡಾಕ್ಟ್ರೇ."

"ಇಷ್ಟಿದ್ರೆ ಸಹಿ ಹಾಕೋಕಾಗಲ್ಲ. ಸ್ವಲ್ಪ ಹೊತ್ತು ಶಾಂತವಾಗಿ ಕೂತು ಬನ್ನಿ."

ಶಾಂತವಾಗಿ! ಅವಳು ಟೈಲರ್ ತಾತನ ಮಂಚದ ಪಕ್ಕ ಕೂತು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಗಂಡನ ತಮ್ಮ ತನ್ನ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚುತ್ತಿದ್ದ. ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಗಂಡನ ಸುಳ್ಳು ಮಾಡಲಾರದ್ದನ್ನು ತನ್ನ ಕೋಪವೇ ಮಾಡಿ ಮುಗಿಸುವಂತಿತ್ತು.

ಡಯಾಲಿಸಿಸ್ ಯಂತ್ರಕ್ಕೆ ಕೈ ಒಡ್ಡಿ ಮಲಗಿದ್ದ ತಾತ ಕೇಳಿದರು, "ಏನಾಯ್ತು ತಾಯಿ, ಇವತ್ತು ಬಾಯೇ ಇಲ್ಲ?"

ಹೇಳಿದಳು. ತಾತ ಯೋಚಿಸಿ, "ಬೈದೆಯಾ ಅವನಿಗೆ?" ಎಂದರು.

"ಎಲ್ಲಿ ಬೈದೆ? ಎರಡು ಮಾತಾಡಿ ನಿಮ್ಮನ್ನ ಕರ್ಕೊಂಡು ಬರೋಕೆ ಓಡಿದೆ."

"ಅದೇ ಆಗಿರೋದು. ಇಲ್ಲೇ ಬೈದು ಮುಗಿಸು. ನಾನು ನಿನ್ನ ಗಂಡ ಅಂದ್ಕೋ. ಹೇಗೂ ಎದ್ದು ಹೋಗೋಕಾಗಲ್ಲ ನನಗೆ."

ಹಾರ್ನಕ್ಕ ಶುರುಮಾಡಿದಳು. ಗಾಜು ಒರೆಸುವ ಬಟ್ಟೆಯಿಂದ ಹಿಡಿದು, ಲಾಂಡ್ರಿಯ ಹಬೆಯಿಂದ ಹಿಡಿದು, ಪರದೆಯ ಮೇಲಿನ ಕ್ರಿಕೆಟ್ಟಿನ ತನಕ ಒಂದನ್ನೂ ಬಿಡಲಿಲ್ಲ. ತಾತ ತಲೆತಗ್ಗಿಸಿ ಕೇಳಿಸಿಕೊಂಡರು, ನಡುನಡುವೆ "ತಪ್ಪಾಯ್ತು ಕಣೇ" ಎಂದರು. ಅತ್ತಿತ್ತಲಿನ ಮಂಚದವರು ನಕ್ಕರು. ನರ್ಸು ಬೇರೆ ಕೆಲಸ ಬಿಟ್ಟು ನಿಂತಳು. "ತಪ್ಪಾಯ್ತು" ಎಂಬ ಆ ಒಂದು ಮಾತು ಯಾರದೋ ಬಾಯಿಂದಾದರೂ ಬಂತಲ್ಲ ಎಂದು ಅವಳಿಗೆ ಅಳು ಬಂತು. ಅತ್ತು, ಮೂಗು ಒರೆಸಿಕೊಂಡು, ಡಾಕ್ಟರ ಮುಂದೆ ತೋಳು ಚಾಚಿದಳು. ಅವರು ಮತ್ತೆ ನೋಡಿ ಸಹಿ ಹಾಕಿದರು.

ಸಂಜೆ ಆಫೀಸಿಗೆ ಕಾಗದ ಕೊಟ್ಟು, ಪರದೆಯಿಂದ ಯಜಮಾನನನ್ನು ಅಳಿಸಿದಳು. ಅಷ್ಟಕ್ಕೂ ಅವಳಿಗೆ ಸಮಾಧಾನವಿರಲಿಲ್ಲ. ಕಾರನ್ನು ಬೀದಿಯ ತಿರುವಿನಾಚೆ, ಆ ಮನೆಯ ಯಾವ ಫೋನೂ ತಲುಪದ ಕಡೆ ನಿಲ್ಲಿಸಿ, ಮನೆಗೆ ನಡೆದು ಬಂದಳು.

ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಅಲ್ಲ್ಯಾಕೆ ನಿಲ್ಲಿಸಿದೆ? ಕಿಟಕಿ ಕೆಳಗೆ ಜಾಗ ಇದೆಯಲ್ಲ" ಎಂದ, ಮೆತ್ತಗೆ.

"ಇದೆ. ಅಲ್ಲಿ ನಿಮ್ಮ ತಮ್ಮನ್ನ ನಿಲ್ಲಿಸ್ಕೊಳ್ಳಿ" ಎಂದು ಅವಳು ಕಾರಿನ ಕೀ ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದಳು.